ಪಾರ್ಸ್ಲಿ ಕೊತ್ತಂಬರಿ ಅಲ್ಲ: ಕೋಲಾರದ ಬಿಸಿಲಿನಲ್ಲಿ ಬೀಜದಿಂದ ಬೀಜದವರೆಗೆ ಬೆಳೆಸುವ ಸಮಗ್ರ ಮಾರ್ಗದರ್ಶಿ

ಕೊತ್ತಂಬರಿಯ ಹಾಗೇ ಕಾಣುವ ಪಾರ್ಸ್ಲಿ ಸೊಪ್ಪನ್ನು ಮೊದಲ ಸಲ ಬಿತ್ತಿದಾಗ ನಾನು ಮಾಡಿದ್ದೆಲ್ಲ ಕೊತ್ತಂಬರಿಯ ಲೆಕ್ಕ. ಯುಗಾದಿ ಕಳೆದ ವಾರ, ಬೀಜವನ್ನು ಅಂಗೈಯಲ್ಲಿ ತಿಕ್ಕಿ, ಕುಂಡದ ಮೇಲೆ ಎರಚಿ, ಒಂದು ಹಿಡಿ ಮಣ್ಣು ಉದುರಿಸಿ, ದಿನಕ್ಕೊಂದು ಚೊಂಬು ನೀರು. ವಾರ ಆಯಿತು. ಹತ್ತು ದಿನ ಆಯಿತು. ಏನೂ ಇಲ್ಲ. ನಮ್ಮ ಅತ್ತೆ ಬಟ್ಟೆ ಒಣಗಹಾಕಲು ಟೆರೇಸಿಗೆ ಬಂದಾಗಲೆಲ್ಲ ಆ ಕುಂಡ ನೋಡಿ, "ಏನಮ್ಮಾ, ಬರೀ ಮಣ್ಣಿಗೆ ನೀರು ಹಾಕ್ತಾ ಇದೀಯ, ಮಾಲೂರಿನವರ ಹಾಗೆ ಇಟ್ಟಿಗೆ ಮಾಡ್ತೀಯಾ?" ಅನ್ನೋರು. ಹದಿನೈದನೇ ದಿನ ಬೇಜಾರಾಗಿ ಆ ಮಣ್ಣನ್ನೆಲ್ಲ ಬಸಳೆ ಬಳ್ಳಿಯ ಬುಡಕ್ಕೆ ಸುರಿದುಬಿಟ್ಟೆ.

ಜುಲೈನಲ್ಲಿ ಮಳೆ ಹಿಡಿದ ಮೇಲೆ ನೋಡಿದರೆ, ಬಸಳೆಯ ನೆರಳಿನಲ್ಲಿ ಮೂರು ಪಾರ್ಸ್ಲಿ ಸಸಿ ನಿಂತಿದ್ದವು. ಬೀಜದ ತಪ್ಪೇನೂ ಇರಲಿಲ್ಲ. ಕಾಲ ತಪ್ಪಾಗಿತ್ತು, ಜಾಗ ತಪ್ಪಾಗಿತ್ತು, ನನಗೆ ತಾಳ್ಮೆ ಇರಲಿಲ್ಲ.

ಈಗ ವರ್ಷಪೂರ್ತಿ ನಮ್ಮ ಮನೆಗೆ ಬೇಕಾಗುವಷ್ಟು, ಪಕ್ಕದ ಮನೆಯವರಿಗೂ ಕೊಡುವಷ್ಟು ಪಾರ್ಸ್ಲಿ ಟೆರೇಸಿನಲ್ಲೇ ಬರುತ್ತದೆ. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಹವೆಗೆ ಇದು ಸರಿಹೊಂದುತ್ತದೆ. ಕರಾವಳಿಯವರು ತಿಂಗಳುಗಳನ್ನು ಬೇರೆ ಲೆಕ್ಕ ಹಾಕಿಕೊಳ್ಳಬೇಕು.

ಮೊದಲು ಗಿಡದ ಸ್ವಭಾವ

ಪಾರ್ಸ್ಲಿ ಕೊತ್ತಂಬರಿಯ ನೆಂಟ, ಅದು ನಿಜ. ಕ್ಯಾರೆಟ್, ಸಬ್ಬಸಿಗೆ, ಜೀರಿಗೆ, ಓಮ ಎಲ್ಲವೂ ಒಂದೇ ಕುಟುಂಬ. ಎಲೆ ನೋಡಿದರೂ ಅಣ್ಣತಮ್ಮಂದಿರ ಹಾಗೆ. ಆದರೆ ಪಾರ್ಸ್ಲಿ ಎಲೆ ದಪ್ಪ, ಬಣ್ಣ ಕಡು ಹಸಿರು, ಬೆರಳಲ್ಲಿ ಹಿಸುಕಿದರೆ ಕೊತ್ತಂಬರಿಯ ಘಾಟು ಇಲ್ಲ. ಹಸಿ ಹುಲ್ಲು, ಸ್ವಲ್ಪ ಮೆಣಸು ಸೇರಿದಂಥ ವಾಸನೆ.

ಕೊತ್ತಂಬರಿ ಒಂದೂವರೆ ತಿಂಗಳಲ್ಲಿ ಬಂದು ಹೋಗುವ ಅತಿಥಿ. ಬೇರು ಸಮೇತ ಕಿತ್ತರೆ ಕಥೆ ಮುಗಿಯಿತು. ಪಾರ್ಸ್ಲಿ ಎರಡು ವರ್ಷದ ಗಿಡ. ಮೊದಲ ವರ್ಷ ಎಲೆ, ಎರಡನೇ ವರ್ಷ ಹೂವು, ಬೀಜ, ಆಮೇಲೆ ಸಾವು. ಅಂದರೆ ಒಮ್ಮೆ ಸರಿಯಾಗಿ ನೆಲೆ ನಿಂತರೆ ಎಂಟು ಹತ್ತು ತಿಂಗಳು ಕತ್ತರಿಸುತ್ತಲೇ ಇರಬಹುದು. ಅದರ ಬೇರು ಕ್ಯಾರೆಟ್ಟಿನ ಹಾಗೆ ನೇರ ಕೆಳಗಿಳಿಯುತ್ತದೆ. ಆದ್ದರಿಂದ ತಟ್ಟೆಯಂಥ ಕುಂಡ ನಡೆಯೋದಿಲ್ಲ.

ಬೀಜ ಕೊಳ್ಳುವಾಗ ಎರಡು ಬಗೆ ಕಾಣಿಸುತ್ತವೆ. ಚಪ್ಪಟೆ ಎಲೆಯದು, ಅದನ್ನು ಇಟಾಲಿಯನ್ ಪಾರ್ಸ್ಲಿ ಅನ್ನುತ್ತಾರೆ. ಇನ್ನೊಂದು ಗುಂಗುರು ಎಲೆಯದು. ಅಡುಗೆಗೆ ಚಪ್ಪಟೆಯದೇ ಸರಿ, ರುಚಿ ಜಾಸ್ತಿ, ತೊಳೆಯೋದೂ ಸುಲಭ. ಗುಂಗುರು ಎಲೆಯ ಮಡಿಕೆಯಲ್ಲಿ ನಮ್ಮೂರ ಕೆಂಧೂಳು ಕೂತರೆ ಮೂರು ಸಲ ತೊಳೆದರೂ ಹಲ್ಲಿಗೆ ಸಿಗುತ್ತದೆ. ಹ್ಯಾಂಬರ್ಗ್ ಅನ್ನುವ ಮೂರನೇ ಬಗೆಯನ್ನು ಗೆಡ್ಡೆಯಂಥ ಬೇರಿಗಾಗಿ ಬೆಳೆಯುತ್ತಾರೆ, ಅದು ಇಲ್ಲಿ ಬೇಡ ಬಿಡಿ.

ಪೊಟ್ಟಣದ ಹಿಂದೆ ಪ್ಯಾಕ್ ಮಾಡಿದ ತಾರೀಖು ನೋಡದೆ ಕೊಳ್ಳಬೇಡಿ. ಪಾರ್ಸ್ಲಿ ಬೀಜದ ಜೀವ ಗಟ್ಟಿಯಲ್ಲ. ಒಂದು ವರ್ಷ ಕಳೆದರೆ ಮೊಳಕೆ ಕಡಿಮೆಯಾಗುತ್ತಾ ಹೋಗುತ್ತದೆ. ಅಂಗಡಿಯ ಗಾಜಿನ ಬಾಗಿಲ ಹಿಂದೆ ಬಿಸಿಲಿಗೆ ತೂಗುಹಾಕಿದ ಪೊಟ್ಟಣವಾದರೆ ಇನ್ನೂ ಕಷ್ಟ.

ಯಾವಾಗ ಬಿತ್ತಬೇಕು

ಇದೊಂದು ಸರಿಯಾದರೆ ಅರ್ಧ ಕೆಲಸ ಮುಗಿದ ಹಾಗೆ. ಪಾರ್ಸ್ಲಿ ಬೀಜಕ್ಕೆ 18ರಿಂದ 25 ಡಿಗ್ರಿ ಹಿತ. 30 ದಾಟಿದರೆ ಮೊಳಕೆ ಬಹಳ ಕಡಿಮೆ. ಮಾರ್ಚ್‌ನಲ್ಲಿ ನಮ್ಮ ಟೆರೇಸಿನ ಮೇಲೆ ಬರಿಗಾಲಲ್ಲಿ ನಡೆದು ನೋಡಿ, ಕುಂಡದೊಳಗಿನ ಬೀಜದ ಪಾಡು ಗೊತ್ತಾಗುತ್ತದೆ.

ಒಳ್ಳೆಯದು ಅಂದರೆ ಕೋಲಾರ 800 ಮೀಟರ್‌ಗಿಂತ ಎತ್ತರದಲ್ಲಿದೆ, ಚಿಕ್ಕಬಳ್ಳಾಪುರ 900 ಮೀಟರ್ ದಾಟುತ್ತದೆ. ಬೇಸಿಗೆಯ ಮೂರು ತಿಂಗಳು ಬಿಟ್ಟರೆ ನಮ್ಮದು ಪಾರ್ಸ್ಲಿಗೆ ಒಗ್ಗುವ ಹವೆಯೇ. ನಾನು ಬಿತ್ತುವುದು ಗಣೇಶನ ಹಬ್ಬ ಮುಗಿದ ಮೇಲೆ, ದೀಪಾವಳಿಯ ಒಳಗೆ. ಆಗ ಬಿತ್ತಿದರೆ ಡಿಸೆಂಬರ್, ಜನವರಿಯ ಚಳಿಯಲ್ಲಿ ಗಿಡ ಮೈತುಂಬಿಕೊಳ್ಳುತ್ತದೆ, ಬೇಸಿಗೆ ಬರುವ ಹೊತ್ತಿಗೆ ಬೇರು ಆಳಕ್ಕಿಳಿದಿರುತ್ತದೆ. ಒಂದೇ ಕಿರಿಕಿರಿ, ಸೆಪ್ಟೆಂಬರ್, ಅಕ್ಟೋಬರ್ ನಮ್ಮ ಕಡೆ ಜೋರು ಮಳೆಯ ಕಾಲವೂ ಹೌದು. ಬಿತ್ತಿದ ತಟ್ಟೆಗಳನ್ನು ಸೂರಿನ ಕೆಳಗೆ ಇಡಿ. ಬಯಲಲ್ಲಿಟ್ಟರೆ ಒಂದೇ ರಾತ್ರಿಯ ಮಳೆಗೆ ಬೀಜವೆಲ್ಲ ಒಂದು ಮೂಲೆಗೆ ಕೊಚ್ಚಿಕೊಂಡು ಹೋಗಿರುತ್ತದೆ.

ಜೂನ್ ಕೊನೆ, ಜುಲೈನಲ್ಲಿ ಇನ್ನೊಂದು ಕಂತು ಬಿತ್ತಬಹುದು. ಫೆಬ್ರವರಿಯಿಂದ ಮೇ ತನಕ ಬೇಡವೇ ಬೇಡ. ಆಗ ಆಸೆಯಾದರೆ ನರ್ಸರಿಯಿಂದ ಸಸಿ ತನ್ನಿ. ತರುವಾಗ ಒಂದು ಎಲೆ ಕಚ್ಚಿ ನೋಡಿ. ನನಗೆ ಒಮ್ಮೆ ಒಂದು ನರ್ಸರಿಯಲ್ಲಿ ಪಾರ್ಸ್ಲಿ ಅಂತ ಸೆಲೆರಿ ಕೊಟ್ಟು ಕಳಿಸಿದ್ದರು. ಎರಡರ ಎಲೆಯೂ ಒಂದೇ ಥರ, ನಾಲಿಗೆಗೆ ಮಾತ್ರ ಗೊತ್ತಾಗುತ್ತದೆ.

ಕುಂಡ, ಮಣ್ಣು

ನನ್ನ ಮೆಚ್ಚಿನ ಕುಂಡ ಟೊಮೆಟೊ ಕ್ರೇಟ್. ಕೋಲಾರದಲ್ಲಿ ಇದಕ್ಕೇನು ಬರವೇ? ಮಾರ್ಕೆಟ್ಟಿನಲ್ಲಿ 15 ಕೆಜಿ ತುಂಬುವ ಆ ಪ್ಲಾಸ್ಟಿಕ್ ಕ್ರೇಟು ಸುಮಾರು ಒಂದಡಿ ಆಳ ಇರುತ್ತದೆ, ಪಾರ್ಸ್ಲಿ ಬೇರಿಗೆ ಅಷ್ಟು ಸಾಕು. ಒಡೆದು ಮೂಲೆಗೆ ಹಾಕಿದ ಕ್ರೇಟನ್ನೇ ಕೇಳಿ ತಂದೆ. ಒಳಗೆ ಹಳೇ ಗೋಣಿಚೀಲ ಅಥವಾ ಎರಡು ಮಡಿಕೆ ಶೇಡ್ ನೆಟ್ ಹಾಸಿ ಮಣ್ಣು ತುಂಬಿದರೆ ನೀರು ತಾನಾಗಿ ಬಸಿಯುತ್ತದೆ, ಸುತ್ತಲಿಂದ ಗಾಳಿಯಾಡುತ್ತದೆ. ಒಂದು ಕ್ರೇಟಿಗೆ ಆರು ಗಿಡ. ಗೋಣಿಚೀಲ ಒಂದು ಮಳೆಗಾಲಕ್ಕೆ ಕರಗಿ ಹೋಗುತ್ತದೆ, ಶೇಡ್ ನೆಟ್ ಆದರೆ ವರ್ಷಗಟ್ಟಲೆ ಬರುತ್ತದೆ. ಕ್ರೇಟ್ ಸಿಗದಿದ್ದರೆ 10 ಇಂಚು ಆಳದ ಯಾವ ಕುಂಡವೂ, ಗ್ರೋ ಬ್ಯಾಗೂ ಆದೀತು. 12 ಇಂಚಿನ ಕುಂಡಕ್ಕೆ ಮೂರು ಗಿಡಕ್ಕಿಂತ ಹೆಚ್ಚು ಬೇಡ. ಕಪ್ಪು ಬಣ್ಣದ ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ. ಇದ್ದರೆ ಸುತ್ತ ಬಿಳಿ ಚೀಲ ಸುತ್ತಿ.

ಮಣ್ಣಿಗೆ ನನ್ನ ಅಳತೆ: ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಒಂದು ಕ್ರೇಟಿಗೆ ಒಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಹಾಕಬೇಡಿ, ಸೊಪ್ಪನ್ನು ಹಸಿಯಾಗಿ ತಿನ್ನುವವರು ನಾವು. ನಾರಿನ ಪುಡಿಯ ಇಟ್ಟಿಗೆ ತಂದರೆ ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ಮತ್ತೆ ನೀರು ಹಾಕಿ ಹಿಂಡಿ. ಅದರಲ್ಲಿ ಉಪ್ಪಿನಂಶ ಇರುತ್ತದೆ. ಮೊದಲ ನೀರು ಡಿಕಾಕ್ಷನ್ ಬಣ್ಣ ಬರುತ್ತದೆ, ಎರಡನೇ ನೀರು ತೆಳುವಾಗುತ್ತದೆ. ತಿಪಟೂರು, ಗುಬ್ಬಿ ಕಡೆಯವರಿಗೆ ತೆಂಗಿನ ನಾರು ಮನೆ ಬಾಗಿಲಲ್ಲೇ ಸಿಗುತ್ತದೆ. ಶಿಡ್ಲಘಟ್ಟದವರಿಗೆ ರೇಷ್ಮೆಹುಳದ ಹಿಕ್ಕೆ. ಅದನ್ನು ಮೂರು ತಿಂಗಳು ಕಳಿಯಲು ಬಿಟ್ಟು ಹಾಕಿದರೆ ಸೊಪ್ಪಿಗೆ ಬಲು ಒಳ್ಳೆಯದು.

ಬೀಜ ನೆನೆಸುವುದು, ಮೊಳಕೆ ಕಟ್ಟುವುದು

ಇಲ್ಲಿ ನಿಧಾನವಾಗಿ ಓದಿ. ಹೆಚ್ಚಿನವರು ಸೋಲುವುದು ಇಲ್ಲೇ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಒಂದು ಹಳೇ ಮಾತಿದೆ. ಪಾರ್ಸ್ಲಿ ಬೀಜ ಮೊಳೆಯುವ ಮೊದಲು ಒಂಬತ್ತು ಸಲ ಸೈತಾನನ ಹತ್ತಿರ ಹೋಗಿ ಬರುತ್ತದಂತೆ. ಬೀಜ ಬಿತ್ತಿ ಮೂರು ವಾರ ಕಾದವರು ಯಾರಾದರೂ ಹೀಗೇ ಹೇಳಿಯಾರು. ನಿಜವಾದ ಕಾರಣ ಬೀಜದಲ್ಲೇ ಇದೆ. ಅದರೊಳಗಿನ ಕೆಲವು ಪದಾರ್ಥಗಳು ಮೊಳಕೆಯನ್ನು ತಡೆದು ನಿಲ್ಲಿಸುತ್ತವೆ. ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿದರೆ ಅವು ಸ್ವಲ್ಪ ತೊಳೆದು ಹೋಗುತ್ತವೆ.

ಕೊತ್ತಂಬರಿ ಬೀಜವನ್ನು ನಾವು ತಿಕ್ಕಿ ಎರಡು ಹೋಳು ಮಾಡುತ್ತೇವಲ್ವಾ? ಪಾರ್ಸ್ಲಿಗೆ ಅದು ಬೇಡ. ಪೊಟ್ಟಣದಲ್ಲಿ ಬರುವುದೇ ಬಿಡಿಬಿಡಿಯಾದ ಹೋಳು. ಅಂಗೈ ಮೇಲೆ ಹಾಕಿಕೊಂಡು ನೋಡಿ: ಓಮದ ಕಾಳಿನಷ್ಟೇ, ಬೂದು ಕಂದು ಬಣ್ಣ, ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು, ಉಬ್ಬಿನ ಮೇಲೆ ಉದ್ದಕ್ಕೆ ಐದು ಗೀರು. ಚಪ್ಪಟೆ ಬದಿಯಲ್ಲೇ ಅದರ ಜೋಡಿ ಅಂಟಿಕೊಂಡಿತ್ತು. ಮತ್ತೆ ತಿಕ್ಕಿದರೆ ಬೀಜವೇ ಪುಡಿಯಾಗುತ್ತದೆ, ನನ್ನದು ಆದ ಹಾಗೆ. ಒಂದು ಗ್ರಾಮಿಗೆ ಸುಮಾರು 500ರಿಂದ 600 ಬೀಜ ಬರುತ್ತವೆ. ಒಂದು ಮನೆಗೆ 30 ಬೀಜ ಸಾಕು. ಉಳಿದದ್ದನ್ನು ಸ್ನೇಹಿತರಿಗೆ ಹಂಚಿ, ಮುಂದಿನ ವರ್ಷಕ್ಕೆ ಅಂತ ಗಂಟು ಕಟ್ಟಿಡಬೇಡಿ.

ಸಂಜೆ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಬೀಜ ಹಾಕಿ. ಬೆಳಿಗ್ಗೆ ನೀರು ಚೆಲ್ಲಿ ಹೊಸ ನೀರು. ಸಂಜೆಗೆ ಆ ನೀರನ್ನೂ ಚೆಲ್ಲಿ ಬೀಜ ತೆಗೆಯಿರಿ. ಒಟ್ಟು 24 ಗಂಟೆ, ಅದಕ್ಕಿಂತ ಜಾಸ್ತಿ ಬೇಡ. ಬೋರ್‌ವೆಲ್ ನೀರು ತುಂಬಾ ಗಡಸಾಗಿದ್ದರೆ ಈ ಒಂದು ಲೋಟಕ್ಕಾದರೂ ಕುಡಿಯುವ ಕ್ಯಾನಿನ ನೀರು ಬಳಸಿ.

ಇಲ್ಲಿಂದ ಎರಡು ದಾರಿ. ನೇರವಾಗಿ ಬಿತ್ತಬಹುದು, ಇಲ್ಲವೇ ಟಿಶ್ಯೂ ಕಾಗದದಲ್ಲಿ ಮೊಳಕೆ ಕಟ್ಟಿ ಆಮೇಲೆ ಬಿತ್ತಬಹುದು. ನಾನು ಎರಡನೆಯದರ ಪರ. ಟಿಶ್ಯೂ ಒದ್ದೆ ಮಾಡಿ, ಹಿಂಡಿ, ಅದರ ಮೇಲೆ ಬೀಜಗಳನ್ನು ಒಂದಕ್ಕೊಂದು ತಾಗದ ಹಾಗೆ ಹರಡಿ, ಮಡಚಿ, ಮುಚ್ಚಳ ಇರುವ ಡಬ್ಬಿಯಲ್ಲಿಡಿ. ಡಬ್ಬಿ ಮನೆಯ ತಣ್ಣನೆ ಮೂಲೆಯಲ್ಲಿರಬೇಕು. ನಮ್ಮನೆಯಲ್ಲಿ ಅದರ ಜಾಗ ಕುಡಿಯುವ ನೀರಿನ ಮಡಕೆಯ ಪಕ್ಕ. ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸಿ. ಎಂಟನೇ ದಿನದಿಂದ ಗಮನ ಇಟ್ಟು ನೋಡಿ. ಬೀಜದ ತುದಿ ಸೀಳಿ ಬಿಳಿ ಚುಕ್ಕೆ ಕಾಣುತ್ತದೆ, ಮಾರನೇ ದಿನ ಅದು ಸಾಸಿವೆಯಷ್ಟು ಉದ್ದ. ಆಗಲೇ ಬಿತ್ತಬೇಕು. ಇನ್ನೂ ಎರಡು ದಿನ ಬಿಟ್ಟರೆ ಬೇರು ಕಾಗದದ ಎಳೆಯೊಳಗೆ ಹೊಕ್ಕು, ಬಿಡಿಸುವಾಗ ತುಂಡಾಗುತ್ತದೆ. ಎಲ್ಲವೂ ಒಟ್ಟಿಗೆ ಮೊಳೆಯೋದಿಲ್ಲ. ಮೊಳೆತದ್ದನ್ನು ತೆಗೆದು, ಉಳಿದದ್ದನ್ನು ಹಾಗೇ ಮುಚ್ಚಿಡಿ. 30ರಲ್ಲಿ 18, 20 ಬಂದರೆ ಖುಷಿಪಡಿ.

ಈ ಕ್ರಮದಲ್ಲಿ ಒಂದು ಲಾಭ: ಬೀಜ ಬದುಕಿದೆಯೋ ಇಲ್ಲವೋ ಅಂತ ಕಣ್ಣಿಗೇ ಕಾಣುತ್ತದೆ. ಬರೀ ಮಣ್ಣಿಗೆ ನೀರು ಹಾಕಿ ಅತ್ತೆಯ ಕೈಲಿ ಮಾತು ಕೇಳೋದು ತಪ್ಪುತ್ತದೆ.

ಬಿತ್ತನೆ

ಬೀಜಕ್ಕೆ ಮೇಲೆ ಹೇಳಿದ ಗಟ್ಟಿ ಮಣ್ಣು ಬೇಡ. ಎರಡು ಪಾಲು ನಾರಿನ ಪುಡಿ, ಒಂದು ಪಾಲು ಜರಡಿ ಹಿಡಿದ ಎರೆಹುಳು ಗೊಬ್ಬರ. ಕಾಗದದ ಟೀ ಲೋಟಗಳ ತಳಕ್ಕೆ ತೂತು ಮಾಡಿ ಇದನ್ನು ತುಂಬಿ. ನಾಟಿ ಮಾಡುವಾಗ ಲೋಟ ಹರಿದರೆ ಸಾಕು, ಬೇರು ಅಲುಗಾಡೋದಿಲ್ಲ. ಒಂದು ಲೋಟಕ್ಕೆ ಎರಡು ಬೀಜ, ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್ ಆಳ. ಕಿರುಬೆರಳಿನ ಉಗುರು ಮುಳುಗುವಷ್ಟು ಅಂದುಕೊಳ್ಳಿ.

ಮೊಳಕೆ ಕಟ್ಟದೆ ಸೀದಾ ಬಿತ್ತಿದರೆ ಎರಡರಿಂದ ನಾಲ್ಕು ವಾರ ಕಾಯಬೇಕು, ಕೆಲವು ಬೀಜ ಐದನೇ ವಾರಕ್ಕೂ ಬರುತ್ತವೆ. ಅಷ್ಟು ದಿನ ಮೇಲ್ಮಣ್ಣು ಒಂದೇ ಒಂದು ಮಧ್ಯಾಹ್ನವೂ ಒಣಗಬಾರದು. ಹೇಳೋದು ಸುಲಭ. ಅಂತರಗಂಗೆ ಬೆಟ್ಟದ ಕಡೆಯಿಂದ ಗಾಳಿ ಬೀಸಲು ಶುರುವಾದರೆ ಬೆಳಿಗ್ಗೆ ಒದ್ದೆ ಮಾಡಿದ ಮಣ್ಣು ಊಟದ ಹೊತ್ತಿಗೆ ಬೂದಿಯಾಗಿರುತ್ತದೆ. ಅದಕ್ಕೇ ಲೋಟಗಳನ್ನೆಲ್ಲ ಒಂದು ಟ್ರೇಯಲ್ಲಿಟ್ಟು ಮೇಲೆ ಒದ್ದೆ ಗೋಣಿ ಹೊದಿಸಿ. ಮೊದಲ ಮೊಳಕೆ ತಲೆ ಎತ್ತಿದ ದಿನವೇ ಗೋಣಿ ತೆಗೆಯಬೇಕು, ಇಲ್ಲದಿದ್ದರೆ ಸಸಿ ಬಿಳುಚಿಕೊಂಡು ಉದ್ದಕ್ಕೆ ಹೋಗಿ ಬಾಗುತ್ತದೆ. ನೀರು ಕೆಳಗಿನಿಂದ ಕೊಡಿ, ಟ್ರೇಗೆ ಅರ್ಧ ಇಂಚು ನೀರು ಹಾಕಿದರೆ ಲೋಟ ತಾನೇ ಹೀರಿಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಚೆಲ್ಲಿ. ನಿಂತ ನೀರಿನಲ್ಲಿ ಸಸಿಯ ಬುಡ ನೂಲಿನಷ್ಟು ಸಣ್ಣಗಾಗಿ, ಕೊಳೆತು, ಒಂದೇ ರಾತ್ರಿಯಲ್ಲಿ ಮಲಗಿಬಿಡುತ್ತದೆ.

ಇರುವೆಗಳನ್ನೂ ನೋಡಿಕೊಳ್ಳಿ. ಟ್ರೇ ಸುತ್ತ ಅರಿಶಿನದ ಗೆರೆ ಹಾಕುವವರಿದ್ದಾರೆ, ನಾನು ಟ್ರೇಯನ್ನು ನಾಲ್ಕು ಮುಚ್ಚಳಗಳ ಮೇಲೆ ನಿಲ್ಲಿಸಿ ಮುಚ್ಚಳಕ್ಕೆ ನೀರು ಹಾಕುತ್ತೇನೆ.

ಇನ್ನೊಂದು ಮಾತು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಎರಡನೇ ಸಲ ಬಿತ್ತಿದಾಗ ಒಂಬತ್ತನೇ ದಿನಕ್ಕೇ ಹಸಿರು ಬಂತು. ಎಲೆ ಸೀಳುಸೀಳಾಗಿ ಥೇಟ್ ಸೊಪ್ಪಿನ ಹಾಗೆ. ಮೂರು ವಾರ ಮುದ್ದಾಗಿ ಸಾಕಿದೆ. ಅತ್ತೆ ಒಂದು ದಿನ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಅಯ್ಯೋ, ಇದು ಕಾಂಗ್ರೆಸ್ ಗಿಡ ಕಣಮ್ಮಾ" ಅಂದರು. ಹೌದು, ಪಾರ್ಥೇನಿಯಂ! ಗೊಬ್ಬರದ ಜೊತೆ ಬಂದಿತ್ತು. ಆದ್ದರಿಂದ ಗುರುತು ತಿಳಿದಿರಲಿ. ಪಾರ್ಸ್ಲಿಯ ಮೊದಲ ಎರಡು ಎಲೆ ಸಣ್ಣ ಹುಲ್ಲಿನ ಗರಿಯ ಹಾಗೆ ಉದ್ದ, ಕಿರಿದು, ನುಣುಪು, ಅಂಚಿನಲ್ಲಿ ಹಲ್ಲಿಲ್ಲ. ಅದಾಗಿ ಹತ್ತು ಹನ್ನೆರಡು ದಿನಕ್ಕೆ ಮೂರನೆಯ ಎಲೆ ಬರುತ್ತದೆ, ಅದರಲ್ಲಿ ಮೂರು ಭಾಗ, ಅಂಚು ಕತ್ತರಿಸಿದ ಹಾಗೆ. ಕಾಂಗ್ರೆಸ್ ಗಿಡದ ಮೊದಲೆರಡು ಎಲೆ ಗುಂಡಗೆ, ಆಮೇಲೆ ಬರುವ ಎಲೆ ನೆಲಕ್ಕೆ ಅಂಟಿದ ಹಾಗೆ ಹರಡುತ್ತದೆ, ಮೇಲೆ ಸಣ್ಣ ರೋಮ.

ನಾಟಿ ಮತ್ತು ಜಾಗ

ಹಲ್ಲಿನ ಎಲೆ ಮೂರು ಬಂದಾಗ ಲೋಟ ಹರಿದು ಕ್ರೇಟಿಗೆ ಇಳಿಸಿ. ಗಿಡದಿಂದ ಗಿಡಕ್ಕೆ 15ರಿಂದ 20 ಸೆಂಟಿಮೀಟರ್, ಅಂದರೆ ಸುಮಾರು ಒಂದು ಗೇಣು. ಸಂಜೆ ಹೊತ್ತು ನಾಟಿ ಮಾಡಿ. ಎಲೆಗಳೆಲ್ಲ ಹುಟ್ಟುವ ನಡುಭಾಗ ಮಣ್ಣಲ್ಲಿ ಹೂತುಹೋಗಬಾರದು, ಹೂತರೆ ಕೊಳೆಯುತ್ತದೆ.

ಬೆಳಗಿನ ಹೊತ್ತು ನಾಲ್ಕೈದು ಗಂಟೆ ಕಾಲ ಬಿಸಿಲು, ಮಧ್ಯಾಹ್ನ ನೆರಳು. ಪೂರ್ವದ ಗೋಡೆ ಬದಿ ಇದ್ದರೆ ಅದೇ ಜಾಗ. ಮಾರ್ಚ್ ಬಂದ ಕೂಡಲೇ ನಾನು ಕ್ರೇಟನ್ನು ನೀರಿನ ಟ್ಯಾಂಕಿನ ಪೂರ್ವಕ್ಕೆ ಎಳೆದು, ಮೇಲೆ ಅರ್ಧ ಬಿಸಿಲು ತಡೆಯುವ 50 ಶೇಕಡಾ ಶೇಡ್ ನೆಟ್ ಕಟ್ಟುತ್ತೇನೆ. ನಾಲ್ಕೈದು ಗಿಡಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದರ ತಂಪು ಇನ್ನೊಂದಕ್ಕೆ. ಬಸಳೆ ಬಳ್ಳಿಯ ಕೆಳಗೆ ಇಟ್ಟರಂತೂ ಶೇಡ್ ನೆಟ್ಟೇ ಬೇಡ. ಮೇ ತಿಂಗಳಲ್ಲಿ ಗಿಡ ಬೆಳೆಯೋದು ನಿಲ್ಲುತ್ತದೆ, ಎಲೆ ಸಣ್ಣಗಾಗಿ ಸ್ವಲ್ಪ ಕಹಿಯಾಗುತ್ತದೆ. ಗಾಬರಿ ಬೇಡ. ಬದುಕಿಸಿಕೊಂಡರೆ ಸಾಕು, ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ.

ನೀರು: ನಮ್ಮ ಜಿಲ್ಲೆಯ ತಲೆನೋವು

ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಒಣಗಿದ್ದರೆ ನೀರು ಹಾಕಿ, ಇಲ್ಲದಿದ್ದರೆ ಬಿಡಿ. ಚಳಿಗಾಲದಲ್ಲಿ ಎರಡು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ. ಮೇಲೆ ಒಣ ಹುಲ್ಲೋ ಕಡಲೆಕಾಯಿ ಸಿಪ್ಪೆಯೋ ಹರಡಿದರೆ ಅರ್ಧ ನೀರು ಉಳಿಯುತ್ತದೆ. ಇಷ್ಟು ಎಲ್ಲರೂ ಹೇಳುತ್ತಾರೆ.

ನಮ್ಮ ತೊಂದರೆ ನೀರಿನ ಗುಣದ್ದು. ಆಳದ ಬೋರ್‌ವೆಲ್ ನೀರು ಗಡಸು. ನಾಲ್ಕು ತಿಂಗಳು ಹಾಕಿದರೆ ಕುಂಡದ ಅಂಚಿಗೆ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಪಾರ್ಸ್ಲಿಗೆ ಇಷ್ಟವಾಗುವ ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, 6ರಿಂದ 7. ಈ ನೀರಿನಿಂದ ಮಣ್ಣು ಕ್ಷಾರವಾಗುತ್ತಾ ಹೋಗಿ, ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗೋದಿಲ್ಲ. ಆಗ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಇದನ್ನು ನೋಡಿ ಗೊಬ್ಬರ ಕಡಿಮೆಯಾಯಿತು ಅಂತ ಇನ್ನಷ್ಟು ಸುರಿಯುತ್ತೇವೆ, ಉಪ್ಪು ಇನ್ನೂ ಏರುತ್ತದೆ.

ಮಾಡಬೇಕಾದ್ದು ಇಷ್ಟೇ. ಮಳೆ ನೀರು ಹಿಡಿದಿಡಿ, ಎರಡು ಡ್ರಮ್ ಇದ್ದರೂ ಸಸಿಗಳ ಕಾಲ ಕಳೆಯುತ್ತದೆ. ತಿಂಗಳಿಗೊಮ್ಮೆ ಕುಂಡದ ತಳದಿಂದ ಧಾರಾಳವಾಗಿ ಹರಿದು ಹೋಗುವಷ್ಟು ಮಳೆ ನೀರು ಹಾಕಿ ಉಪ್ಪು ತೊಳೆಯಿರಿ. ಮನೆಯ ಆರ್‌ಒ ಫಿಲ್ಟರಿನಿಂದ ಹೊರಬರುವ ವೇಸ್ಟ್ ನೀರನ್ನು ಪಾರ್ಸ್ಲಿಗೆ ಹಾಕಬೇಡಿ. ನೀರು ಹಾಳು ಮಾಡಬಾರದು ಅನ್ನೋದು ಸರಿ, ಆದರೆ ಫಿಲ್ಟರ್ ಬಿಟ್ಟ ಉಪ್ಪೆಲ್ಲ ಸೇರಿಕೊಂಡಿರುವುದು ಅದರಲ್ಲೇ. ಅದರಲ್ಲಿ ನೆಲ ಒರೆಸಿ. ಗಡಸುತನ ತೆಗೆಯುವ ಸಾಫ್ಟ್‌ನರ್ ಯಂತ್ರದಿಂದ ಬಂದ ನೀರೂ ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ. ಅಕ್ಕಿ ತೊಳೆದ ನೀರು ಆರಾಮಾಗಿ ಹಾಕಬಹುದು, ಉಪ್ಪು ಹಾಕಿರಬಾರದು ಅಷ್ಟೇ.

ಗೊಬ್ಬರಕ್ಕೆ 50 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಎರಡು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ, ಗಿಡಕ್ಕೊಂದು ಲೋಟದಂತೆ 20 ದಿನಕ್ಕೊಮ್ಮೆ ಬುಡಕ್ಕೆ ಹಾಕಿ. ವಾಸನೆ ಮಾತ್ರ ಭಯಂಕರ. ಭಾನುವಾರ ನೆಂಟರು ಬರುವವರಿದ್ದರೆ ಶುಕ್ರವಾರ ನೆನೆಸಬೇಡಿ.

ಹುಳ, ರೋಗ

ಮುಖ್ಯ ಶತ್ರು ಸಸ್ಯಹೇನು, ಎಲೆಯ ರಸ ಹೀರುವ ಸಣ್ಣ ಹುಳ. ಚಳಿ ಮುಗಿದು ಬಿಸಿಲೇರುವ ಹೊತ್ತಿಗೆ ಎಳೆ ಎಲೆಯ ಹಿಂದೆ ಗುಂಪು ಕಟ್ಟುತ್ತವೆ. ಕುಂಡಕ್ಕೆ ಇರುವೆ ಸಾಲು ಹತ್ತುತ್ತಿದ್ದರೆ ಹೇನು ಬಂದಿದೆ ಅಂತಲೇ ಲೆಕ್ಕ, ಹೇನು ಬಿಡುವ ಸಿಹಿಗಾಗಿ ಇರುವೆ ಅದನ್ನು ಕಾಯುತ್ತದೆ. ಮೊದಲು ಬರೀ ನೀರನ್ನು ಜೋರಾಗಿ ಎಲೆಯ ಹಿಂಬದಿಗೆ ಹಾಯಿಸಿ. ಮೂರು ದಿನ ಬಿಡದೆ ಹೀಗೆ ಮಾಡಿದರೆ ಬಹಳಷ್ಟು ಹೋಗುತ್ತವೆ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 3 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರಾವಣ, ಸಂಜೆ ಸಿಂಪಡಿಸಿ. ಆಮೇಲೆ ಒಂದು ವಾರ ಆ ಸೊಪ್ಪು ಕೀಳಬೇಡಿ, ಕಹಿ ನಾಲಿಗೆಗೆ ಅಂಟುತ್ತದೆ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಗುಲಗಂಜಿ ಹುಳು ಕಂಡರೆ ಏನೂ ಹೊಡೆಯಬೇಡಿ, ಅದು ಹೇನು ತಿನ್ನಲೆಂದೇ ಬಂದಿರುತ್ತದೆ.

ಹೊರಗಿನ ಹಳೇ ಎಲೆ ಒಂದೆರಡು ಹಳದಿಯಾದರೆ ಅದು ವಯಸ್ಸು, ಕತ್ತರಿಸಿ ಎಸೆಯಿರಿ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದರೆ ಬೇರು ಕೊಳೆತಿದೆ, ಆ ಗಿಡ ಉಳಿಯೋದು ಕಷ್ಟ. ಮಳೆಗಾಲದಲ್ಲಿ ಎಲೆ ಮೇಲೆ ಕಂದು ಚುಕ್ಕೆ ಕಂಡರೆ ಆ ಎಲೆ ತೆಗೆದು, ಗಿಡಗಳ ನಡುವೆ ಗಾಳಿಯಾಡಲು ಬಿಡಿ.

ಕೊಯ್ಲು

ಬಿತ್ತಿದ 70ರಿಂದ 90 ದಿನಕ್ಕೆ ಮೊದಲ ಕೊಯ್ಲು. ಗಿಡದಲ್ಲಿ ಎಂಟು ಹತ್ತು ಕಡ್ಡಿಗಳಾದರೂ ಇರಲಿ. ಹೊರಸುತ್ತಿನ ಕಡ್ಡಿಯನ್ನು ಬುಡದ ಹತ್ತಿರ, ಮಣ್ಣಿಗೆ ತಾಗುವಂತೆ ಕತ್ತರಿಸಿ. ಮೇಲೆ ಮೇಲೆ ಎಲೆ ಮಾತ್ರ ಚಿವುಟಿದರೆ ಬೋಳು ಕಡ್ಡಿ ಒಣಗಿ ಕೊಳೆಯುತ್ತದೆ. ಹೊಸ ಎಲೆ ನಡುವಿನಿಂದ ಬರುವುದು, ಆದ್ದರಿಂದ ನಡುವನ್ನು ಮುಟ್ಟಲೇಬೇಡಿ. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಆರು ಗಿಡದ ಒಂದು ಕ್ರೇಟು ನಾಲ್ಕು ಜನರ ಮನೆಗೆ ವಾರಕ್ಕೆರಡು ಸಲ ಸಾಕಾಗುತ್ತದೆ.

ಕಡ್ಡಿ ನೀರಲ್ಲಿಟ್ಟರೆ ಗಿಡ ಆಗುತ್ತಾ?

ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಇದು. ಸೂಪರ್ ಮಾರ್ಕೆಟ್ಟಿನಿಂದ ತಂದ ಕಟ್ಟನ್ನು ಲೋಟದ ನೀರಿನಲ್ಲಿಟ್ಟು ಬೇರು ಬರಿಸುವ ವಿಡಿಯೊಗಳು ಬೇಕಾದಷ್ಟಿವೆ. ನಾನೂ ಮಾಡಿದೆ. ಹದಿನೈದು ದಿನ ಕಡ್ಡಿ ತಾಜಾ ಇತ್ತು, ಆಮೇಲೆ ನೀರು ಲೋಳೆಯಾಯಿತು.

ಪುದೀನ, ದೊಡ್ಡಪತ್ರೆ, ಬಸಳೆ ಇವೆಲ್ಲ ಬರುತ್ತವಲ್ಲ, ಪಾರ್ಸ್ಲಿ ಯಾಕೆ ಬರೋದಿಲ್ಲ? ಪುದೀನದ ಕಡ್ಡಿ ನಿಜವಾದ ಕಾಂಡ. ಅದರಲ್ಲಿ ಗೆಣ್ಣಿದೆ, ಗೆಣ್ಣಿನಲ್ಲಿ ಮೊಗ್ಗಿದೆ. ಪಾರ್ಸ್ಲಿಯಲ್ಲಿ ನಾವು ಕಡ್ಡಿ ಅನ್ನುವುದು ಬರೀ ಎಲೆಯ ತೊಟ್ಟು. ಮೊದಲ ವರ್ಷದ ಗಿಡದ ಕಾಂಡ ಮಣ್ಣಿನ ಮಟ್ಟದಲ್ಲಿ ಒಂದು ಗುಬಟಿನಷ್ಟೇ ಇರುತ್ತದೆ, ಎಲ್ಲಾ ಎಲೆ ಅಲ್ಲಿಂದಲೇ. ತೊಟ್ಟಿಗೆ ಅಕಸ್ಮಾತ್ ಒಂದೆರಡು ಬೇರಿನ ಎಳೆ ಬಂದರೂ ಅದರಿಂದ ಹೊಸ ಚಿಗುರು ಬರಲು ಕಣ್ಣೇ ಇಲ್ಲ. ಕಟ್ಟಿನಲ್ಲಿ ಯಾವುದಾದರೂ ಗಿಡ ಬುಡದ ಗುಬಟು, ತುಂಡು ಬೇರಿನ ಸಮೇತ ಬಂದಿದ್ದರೆ ಅದನ್ನು ಮಣ್ಣಿಗೆ ಹಾಕಿ, ನೆರಳಲ್ಲಿಡಿ. ಅದಕ್ಕೆ ಅವಕಾಶ ಇದೆ.

ಬೀಜ ಬಿಟ್ಟರೆ ಇರುವ ದಾರಿ ಬುಡ ಬಿಡಿಸುವುದು. ನರ್ಸರಿಯಿಂದ ತಂದ ಒಂದು ಕುಂಡದಲ್ಲಿ ಎಷ್ಟೋ ಸಲ ಎಂಟು ಹತ್ತು ಸಸಿ ಕಿಕ್ಕಿರಿದಿರುತ್ತವೆ. ಕುಂಡವನ್ನೇ ಅರ್ಧ ಗಂಟೆ ನೀರಲ್ಲಿ ಮುಳುಗಿಸಿ, ಮಣ್ಣು ಸಡಿಲವಾದ ಮೇಲೆ ಒಂದೊಂದೇ ಬಿಡಿಸಿ ನೆಡಿ. ಎಳೆಯ ಸಸಿಯಾದರೆ ಸುಲಭವಾಗಿ ನೆಲೆ ಹಿಡಿಯುತ್ತವೆ. ವರ್ಷದ ಗಿಡದ ಪಕ್ಕದಲ್ಲಿ ಮರಿ ಬುಡ ಒಡೆದಿದ್ದರೆ ಚೂರಿಯಿಂದ ಬೇರು ಸಮೇತ ಸೀಳಬಹುದು, ಡಿಸೆಂಬರಿನ ಚಳಿಯಲ್ಲಿ ಮಾತ್ರ. ನಾನು ನಾಲ್ಕು ಸೀಳಿದೆ, ಎರಡು ಬದುಕಿದವು.

ನಮ್ಮ ಬೀಜ ನಾವೇ

ಹೂ ಬಿಡಲು ಪಾರ್ಸ್ಲಿಗೆ ಕೆಲವು ವಾರಗಳ ಚಳಿ ಬೇಕು. ಚಳಿ ದೇಶಗಳಲ್ಲಿ ಎರಡನೇ ವರ್ಷ ಹೆಚ್ಚುಕಡಿಮೆ ಎಲ್ಲಾ ಗಿಡವೂ ಹೂ ಬಿಡುತ್ತವೆ. ನಮ್ಮ ಚಳಿ ಅಷ್ಟು ಗಟ್ಟಿಯಲ್ಲ. ಒಂದು ಚಳಿಗಾಲ ದಾಟಿಸಿದ ನನ್ನ ಮೂರು ಗಿಡಗಳಲ್ಲಿ ಹೂ ಬಿಟ್ಟದ್ದು ಒಂದೇ. ನಡುವಿನಿಂದ ಗಟ್ಟಿ ಕಾಂಡ ಎದ್ದು, ಸೊಂಟದೆತ್ತರ ಬೆಳೆದು, ಸಬ್ಬಸಿಗೆಯ ಹಾಗೆ ಕೊಡೆ ಬಿಚ್ಚಿತು. ಹಳದಿ ಹಸಿರು ಬಣ್ಣದ ಪುಡಿ ಹೂ, ಬೆಳಗಿನಿಂದ ಸಂಜೆ ತನಕ ಜೇನು, ಸಣ್ಣ ನೊಣಗಳ ಸಂತೆ. ಕಾಂಡ ಎದ್ದ ಮೇಲೆ ಎಲೆ ಕಹಿ, ಅಡುಗೆಗೆ ಬೇಡ. ಚಪ್ಪಟೆ, ಗುಂಗುರು ಎರಡೂ ಒಟ್ಟಿಗೆ ಹೂ ಬಿಟ್ಟರೆ ಬೆರಕೆಯಾಗುತ್ತದೆ, ಒಂದನ್ನು ಕತ್ತರಿಸಿ.

ಬೀಜ ಕಂದು ಬಣ್ಣಕ್ಕೆ ತಿರುಗಿದಾಗ ಕೊಡೆ ಸಮೇತ ಕತ್ತರಿಸಿ ಕಾಗದದ ಚೀಲಕ್ಕೆ ತಲೆಕೆಳಗಾಗಿ ಹಾಕಿ, ನೆರಳಲ್ಲಿ ಎರಡು ವಾರ ಒಣಗಿಸಿ. ಚೀಲ ಕೊಡವಿದರೆ ಬೀಜ ಉದುರುತ್ತದೆ. ಗಾಜಿನ ಡಬ್ಬಿಗೆ ಹಾಕಿ, ತಿಂಗಳು ಬರೆದು ಫ್ರಿಜ್ಜಿನಲ್ಲಿಡಿ. ಅಂಗಡಿಯ ಬೀಜಕ್ಕಿಂತ ಈ ಹೊಸ ಬೀಜ ಬೇಗ ಮೊಳೆಯಿತು, ಹನ್ನೊಂದನೇ ದಿನಕ್ಕೇ ತಲೆ ಎತ್ತಿತ್ತು.

ಅಡುಗೆಮನೆಯಲ್ಲಿ

ಸಾರಿಗೆ ಹಾಕಬೇಡಿ. ಹಾಕಿ ನೋಡಿದ್ದೇನೆ, ಸಾರಿನ ಘಮವೂ ಇಲ್ಲ, ಪಾರ್ಸ್ಲಿಯದೂ ಇಲ್ಲ. ಜಾಸ್ತಿ ಬೇಯಿಸಿದರೆ ಅದರ ವಾಸನೆ ಹಾರಿಹೋಗುತ್ತದೆ, ಒಲೆ ಆರಿಸಿದ ಮೇಲೆ ಉದುರಿಸಬೇಕು. ಹೆಸರುಬೇಳೆ ಕೋಸಂಬರಿಗೆ ಸಣ್ಣಗೆ ಹೆಚ್ಚಿ ಹಾಕಿ, ನಿಂಬೆರಸ ಹಿಂಡಿ, ಚೆನ್ನಾಗಿರುತ್ತದೆ. ಲೆಬನಾನ್ ಕಡೆಯ ತಬ್ಬೂಲೆ ಅನ್ನುವ ಸಲಾಡಿನಲ್ಲಿ ಸೊಪ್ಪೇ ಮುಖ್ಯ, ಗೋಧಿ ನುಚ್ಚು ಪಕ್ಕವಾದ್ಯ. ನಮ್ಮ ಗೋಧಿ ನುಚ್ಚು, ಟೊಮೆಟೊ, ಈರುಳ್ಳಿ, ನಿಂಬೆ, ಒಂದು ದೊಡ್ಡ ಕಟ್ಟು ಪಾರ್ಸ್ಲಿ ಇದ್ದರೆ ಮನೆಯಲ್ಲೇ ಆಗುತ್ತದೆ.

ತೊಳೆಯದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಫ್ರಿಜ್ಜಿನಲ್ಲಿ ವಾರ, ಹತ್ತು ದಿನ ಇರುತ್ತದೆ. ಜಾಸ್ತಿ ಬಂದಾಗ ಹೆಚ್ಚಿ, ಐಸ್ ಟ್ರೇಗೆ ಹಾಕಿ ಎಣ್ಣೆ ಸುರಿದು ಗಟ್ಟಿ ಮಾಡಿಡಿ. ಒಣಗಿಸಿದರೆ ಒಣ ಹುಲ್ಲು, ಅಷ್ಟೇ.

100 ಗ್ರಾಂ ಹಸಿ ಪಾರ್ಸ್ಲಿಯಲ್ಲಿ ಸುಮಾರು 130 ಮಿಲಿಗ್ರಾಂ ವಿಟಮಿನ್ ಸಿ ಇದೆ. ವಿಟಮಿನ್ ಕೆ ಅದಕ್ಕಿಂತ ಗಮನಿಸಬೇಕಾದ್ದು, ತುಂಬಾ ಜಾಸ್ತಿ, 1,600 ಮೈಕ್ರೋಗ್ರಾಂ ಆಸುಪಾಸು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತಗೊಳ್ಳುವವರು ಮನೆಯಲ್ಲಿದ್ದರೆ ಡಾಕ್ಟರನ್ನು ಕೇಳದೆ ದಿನಾ ಬಟ್ಟಲುಗಟ್ಟಲೆ ಕೊಡಬೇಡಿ. ಬಸುರಿಯರಿಗೆ ಊಟದ ಮೇಲೆ ಉದುರಿಸುವಷ್ಟು ಪರವಾಗಿಲ್ಲ, ಕಷಾಯ ಅಂತ ಕುದಿಸಿ ಕುಡಿಯೋದು, ಪಾರ್ಸ್ಲಿ ಎಣ್ಣೆ ಇವೆರಡೂ ಬೇಡ.

ಗಿಡ ಮುದಿಯಾಗಿ ಎಲೆ ಸಣ್ಣಗಾದಾಗ ಕಿತ್ತುಬಿಡಿ. ಬೇರನ್ನು ಎಸೆಯಬೇಡಿ, ತೊಳೆದು, ಹೆರೆದು, ತರಕಾರಿ ಸೂಪಿಗೆ ಹಾಕಿದರೆ ಎಲೆಗಿಂತ ಜೋರು ಘಮ. ಆ ಕ್ರೇಟಿಗೆ ಕೂಡಲೇ ಮತ್ತೆ ಪಾರ್ಸ್ಲಿಯನ್ನೋ ಸಬ್ಬಸಿಗೆಯನ್ನೋ ಹಾಕದೆ ಒಂದು ಸಲ ಮೆಂತ್ಯ ಎರಚಿ. ಅದು ನಾಲ್ಕೇ ದಿನಕ್ಕೆ ಮೊಳೆಯುತ್ತದೆ, ಅತ್ತೆಗೂ ಸಮಾಧಾನ.